ಅರ್ಜಿಯನ್ನು ಹಿಂದಿನಿಂದ ಓದುವುದು: ಸ್ಥಳೀಯ ಇತಿಹಾಸದ ಸಂಪಾದನಾ ಯೋಜನೆಗಳಿಗೆ ಅನುದಾನ ಕೊಡುವ ಮುನ್ನ

ಅನುದಾನದ ಅರ್ಜಿ ಕೈಗೆ ಬಂದಾಗ ನಾನು ಅದನ್ನು ಕೊನೆಯ ಪುಟದಿಂದ ಓದಲು ಶುರುಮಾಡುತ್ತೇನೆ. ಇದು ಚಮತ್ಕಾರಕ್ಕೆ ಹೇಳುವ ಮಾತಲ್ಲ, ಹತ್ತಾರು ಅರ್ಜಿಗಳಲ್ಲಿ ಎಡವಿದ ಮೇಲೆ ರೂಢಿಸಿಕೊಂಡ ಅಭ್ಯಾಸ. ಊರಿನ ಇತಿಹಾಸವನ್ನು ಊರಿನವರೇ ಸೇರಿ ಬರೆಯುವ, ತಿದ್ದುವ ಯೋಜನೆಗಳ ಅರ್ಜಿಗಳಲ್ಲಿ ಮೊದಲ ಪುಟ ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿರುತ್ತದೆ: ನೆನಪುಗಳು ಅಳಿದುಹೋಗುತ್ತಿವೆ, ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ, ಹಳೆಯ ಕಟ್ಟಡಗಳು ನೆಲಸಮವಾಗುತ್ತಿವೆ, ಆದ್ದರಿಂದ ಕೂಡಲೇ ದಾಖಲಿಸಬೇಕು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಲೋಕದ ಯಾವ ಊರಿನ ಬಗ್ಗೆ ಬರೆದರೂ ಇದು ನಿಜವೇ ಆಗಿರುವುದರಿಂದ, ಎರಡು ಅರ್ಜಿಗಳಲ್ಲಿ ಯಾವುದಕ್ಕೆ ಹಣ ಕೊಡಬೇಕೆಂದು ತೀರ್ಮಾನಿಸಲು ಈ ಪುಟದಿಂದ ನೆರವು ಸಿಗುವುದಿಲ್ಲ. ಅರ್ಜಿದಾರರು ಅಲಂಕಾರವಿಲ್ಲದೆ ಮಾತಾಡುವುದು ಕೊನೆಯ ಪುಟಗಳಲ್ಲಿ, ಅಂದರೆ ಅನುಬಂಧದಲ್ಲಿ ಮತ್ತು ಖರ್ಚಿನ ಪಟ್ಟಿಯಲ್ಲಿ.

ನಾನು ಇಲ್ಲಿ ಹೇಳುವುದು ಮುಖ್ಯವಾಗಿ ವಿಕಿಪೀಡಿಯ ಮತ್ತು ಅದರ ಸೋದರ ಯೋಜನೆಗಳ ಸುತ್ತ ನಡೆಯುವ ಕೆಲಸದ ಬಗ್ಗೆ. 2001ರಲ್ಲಿ ವಿಕಿಪೀಡಿಯ ಆರಂಭವಾಯಿತು. 2003ರಲ್ಲಿ ಹಳೆಯ ಪುಸ್ತಕಗಳ ಪಠ್ಯಕ್ಕಾಗಿ ವಿಕಿಸೋರ್ಸ್, 2004ರಲ್ಲಿ ಚಿತ್ರ ಮತ್ತು ಧ್ವನಿಗಳಿಗಾಗಿ ಕಾಮನ್ಸ್, 2012ರಲ್ಲಿ ದತ್ತಾಂಶಕ್ಕಾಗಿ ವಿಕಿಡೇಟಾ ಬಂದವು. ಸ್ಥಳೀಯ ಇತಿಹಾಸಕ್ಕೆ ಈ ನಾಲ್ಕರಲ್ಲೂ ಜಾಗವಿದೆ, ಆದರೆ ನಾಲ್ಕರ ನಿಯಮಗಳೂ ಬೇರೆ ಬೇರೆ, ಮತ್ತು ಅರ್ಜಿದಾರರು ಮುಗ್ಗರಿಸುವುದು ಬಹುಮಟ್ಟಿಗೆ ಈ ವ್ಯತ್ಯಾಸದ ಮೇಲೆಯೇ. ಈ ಯೋಜನೆಗಳನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಅನುದಾನ ಅರ್ಜಿಗಳು, ಎಲ್ಲ ಯೋಜನೆಗಳ ಸಮನ್ವಯಕ್ಕೆಂದು ಇರುವ ಮೆಟಾ-ವಿಕಿ ತಾಣದಲ್ಲಿ ಎಲ್ಲರೂ ಓದುವಂತೆ ಇರುತ್ತವೆ, ಚರ್ಚೆಪುಟದಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಆದ್ದರಿಂದ ಸಮಿತಿಯಲ್ಲಿ ಇಲ್ಲದವರೂ ಪರಿಶೀಲಕರೇ ಎಂದು ತಿಳಿದು ನನ್ನ ಮಾತು ಕೇಳಬೇಕು.

ಕೈಯಲ್ಲಿ ಹಿಡಿದು ನೋಡಲು ಒಂದು ಅರ್ಜಿ ಬೇಕಲ್ಲ, ಅದಕ್ಕಾಗಿ ನಾನು ಓದಿದ ಹಲವನ್ನು ಕಲಸಿ ಒಂದು ಮಾದರಿ ಮಾಡಿಕೊಂಡಿದ್ದೇನೆ. ಇದು ಯಾವ ಒಂದು ಗುಂಪಿನದೂ ಅಲ್ಲ. ಯೋಜನೆಯ ಅವಧಿ ಆರು ತಿಂಗಳು. ಒಂದು ದಿನದ ಸಂಪಾದನೋತ್ಸವಗಳು (ಜನ ಒಟ್ಟಿಗೆ ಕುಳಿತು ಲೇಖನ ಬರೆಯುವ, ತಿದ್ದುವ ಕೂಟಗಳು) 8, ಪ್ರತಿಯೊಂದರಲ್ಲಿ 20 ಜನ. ಹೊಸ ಲೇಖನಗಳು 200, ಚಿತ್ರಗಳು 1,000, ಹಿರಿಯರ ಸಂದರ್ಶನಗಳು 25. ಖರ್ಚನ್ನು ನೂರರ ಪಾಲಿನಲ್ಲಿ ಹೇಳುವುದಾದರೆ ಸಭಾಂಗಣ ಮತ್ತು ಊಟೋಪಚಾರಕ್ಕೆ 34, ಸಂಯೋಜಕರ ಗೌರವಧನಕ್ಕೆ 22, ಪ್ರಯಾಣಕ್ಕೆ 18, ಬ್ಯಾನರು, ಟೀ ಶರ್ಟು ಮತ್ತು ಪ್ರಮಾಣಪತ್ರಕ್ಕೆ 14, ಇಂಟರ್‌ನೆಟ್ಟಿಗೆ 5, ಇತರೆ ಎಂದು 4, ಸ್ಕ್ಯಾನಿಂಗಿಗೆ 3.

ಮೊದಲು ಲೇಖನಗಳ ಲೆಕ್ಕ ಮಾಡೋಣ. ಒಂದು ದಿನದ ಕಾರ್ಯಕ್ರಮದಲ್ಲಿ ಕೆಲಸದ ಹೊತ್ತು ಹೆಚ್ಚೆಂದರೆ ಐದು ಗಂಟೆ. ಅದರಲ್ಲಿ ಖಾತೆ ತೆರೆಯುವುದು, ಮರೆತ ಪಾಸ್‌ವರ್ಡು ಹುಡುಕುವುದು, ಒಂದೇ ಜಾಲದಿಂದ ಹಲವು ಖಾತೆ ತೆರೆಯಲು ಹೋಗಿ ತಡೆಗೆ ಸಿಕ್ಕಿಕೊಳ್ಳುವುದು, ಉಲ್ಲೇಖ ಹಾಕುವ ಬಗೆ ಕಲಿಯುವುದು, ಇಷ್ಟಕ್ಕೆ ಎರಡು ಗಂಟೆ ಸಲ್ಲುತ್ತದೆ. ಉಳಿದದ್ದು ಮೂರು ಗಂಟೆ. 20 ಜನ, 3 ಗಂಟೆ, 8 ದಿನ ಎಂದರೆ 480 ಗಂಟೆಗಳ ದುಡಿಮೆ. 200 ಲೇಖನಗಳಿಗೆ ಹಂಚಿದರೆ ಒಂದಕ್ಕೆ 2 ಗಂಟೆ 24 ನಿಮಿಷ. ಆ ಹೊತ್ತಿನಲ್ಲಿ, ಈ ಹಿಂದೆ ಒಂದು ಸಾಲನ್ನೂ ವಿಕಿಯಲ್ಲಿ ಬರೆಯದವರು, ಮೂಲಗಳನ್ನು ಹುಡುಕಿ, ಓದಿ, ತೂಗಿ, ಬರೆದು, ಉಲ್ಲೇಖ ಕೊಟ್ಟು ಮುಗಿಸಬೇಕು. ವರ್ಷಗಳಿಂದ ಬರೆಯುತ್ತಿರುವ ನನಗೇ ಒಂದು ಹಳೆಯ ಸೇತುವೆಯ ಬಗ್ಗೆ ನಾಲ್ಕು ಮೂಲಗಳನ್ನು ಇಟ್ಟುಕೊಂಡು ಲೇಖನ ಸಿದ್ಧಪಡಿಸಲು ಇಡೀ ಒಂದು ದಿನ ಹಿಡಿಯುತ್ತದೆ. ಹಾಗಿದ್ದರೆ 200 ಎಂಬ ಸಂಖ್ಯೆ ಎಲ್ಲಿಂದ ಬಂತು? ನಮ್ಮಿಂದಲೇ ಬಂತು. ಅರ್ಜಿ ನಮೂನೆಯಲ್ಲಿ ನಾವು ಸಂಖ್ಯೆಗೆಂದು ಖಾನೆ ಇಟ್ಟಿದ್ದೇವೆ, ಡ್ಯಾಶ್‌ಬೋರ್ಡಿನಲ್ಲಿ ಎಷ್ಟು ಲೇಖನ, ಎಷ್ಟು ಬೈಟು, ಎಷ್ಟು ಸಂಪಾದಕರು ಎಂದು ಎಣಿಸುತ್ತೇವೆ, ಮತ್ತು ಕಡಿಮೆ ಹೇಳಿದವರಿಗೆ ಕಡಿಮೆ ಅಂಕ ಕೊಡುತ್ತೇವೆ. ಖಾನೆ ಕಂಡರೆ ತುಂಬುವುದು ಮನುಷ್ಯ ಸ್ವಭಾವ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸಂಖ್ಯೆಗಳು ಕಣ್ಣು ಕುಕ್ಕುವಂತಿದ್ದ ಒಂದು ಅರ್ಜಿಗೆ ಪೂರ್ತಿ ಅಂಕ ಕೊಟ್ಟು, ಒಂದು ವರ್ಷದ ನಂತರ ಆ ಲೇಖನಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಎಷ್ಟೋ ಲೇಖನಗಳ ನೆತ್ತಿಯ ಮೇಲೆ ಮೂಲ ಬೇಕು ಎಂಬ ಫಲಕವಿತ್ತು, ಕೆಲವು ಅಳಿಸಿಹೋಗಿದ್ದವು, ಉಳಿದವುಗಳಲ್ಲಿ ಬಹುಪಾಲು ಒಂದೇ ಸ್ಮರಣ ಸಂಚಿಕೆಯನ್ನು ಉಲ್ಲೇಖಿಸುತ್ತಿದ್ದವು. ಆ ಸಂಚಿಕೆಯನ್ನು ಹೊರತಂದವರೂ ಅರ್ಜಿ ಹಾಕಿದವರೂ ಒಂದೇ ಸಂಘದವರು. ಅವರು ಮೋಸ ಮಾಡಿರಲಿಲ್ಲ; ಅವರ ಬಳಿ ಇದ್ದದ್ದು ಅದೊಂದೇ ಪುಸ್ತಕ. ಮೂಲಗಳು ಯಾವುವು ಎಂದು ಅರ್ಜಿಯ ಹಂತದಲ್ಲೇ ಕೇಳಬೇಕಾದವನು ನಾನು, ಕೇಳಿರಲಿಲ್ಲ.

ಸ್ಥಳೀಯ ಇತಿಹಾಸದ ಯೋಜನೆಗಳಲ್ಲಿ ಕೊರತೆ ಇರುವುದು ಉತ್ಸಾಹಕ್ಕಲ್ಲ, ಜನರಿಗಲ್ಲ, ಬಹಳ ಮಟ್ಟಿಗೆ ಹಣಕ್ಕೂ ಅಲ್ಲ. ಕೊರತೆ ಇರುವುದು ಕೈಗೆಟಕುವ, ಉಲ್ಲೇಖಿಸಬಹುದಾದ ಮೂಲಗಳಿಗೆ. ಒಂದು ದೊಡ್ಡ ನಗರದ ಬಗ್ಗೆ ಬರೆಯುವವರು ಮೇಜಿನ ಮುಂದೆ ಕುಳಿತಲ್ಲೇ ಹತ್ತು ಪುಸ್ತಕ ತೆರೆಯಬಹುದು. ಒಂದು ಬೀದಿಯ, ಒಂದು ಮುಚ್ಚಿಹೋದ ಗಿರಣಿಯ, ಒಂದು ಕೆರೆಯ ಬಗ್ಗೆ ಬರೆಯುವವರು ಬೀಗ ಹಾಕಿದ ಕಪಾಟಿನ ಮುಂದೆ ನಿಲ್ಲಬೇಕು. ಮೂಲಗಳು ಇಲ್ಲವೆಂದಲ್ಲ. ಹಳೆಯ ಪತ್ರಿಕೆಗಳ ಕಟ್ಟುಗಳು, ಪುರಸಭೆಯ ನಡಾವಳಿ ಪುಸ್ತಕಗಳು, ಶಾಲೆಯ ದಾಖಲಾತಿ ವಹಿಗಳು, ಅಚ್ಚಾಗದ ಸಂಶೋಧನಾ ಪ್ರಬಂಧಗಳು, ಗೆಜೆಟಿಯರುಗಳು ಎಲ್ಲವೂ ಇವೆ. ಆದರೆ ಅವು ಎಲ್ಲಿವೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಇವೆ, ನೋಡಲು ಯಾರ ಅನುಮತಿ ಬೇಕು ಎಂಬುದು ಅರ್ಜಿಯಲ್ಲಿ ಇರುವುದಿಲ್ಲ. ನಮ್ಮ ಮಾದರಿ ಅರ್ಜಿಯಲ್ಲಿ ಸ್ಕ್ಯಾನಿಂಗಿಗೆ ಇಟ್ಟಿರುವುದು ನೂರಕ್ಕೆ ಮೂರು ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಇಲ್ಲಿ ನಿಯಮಗಳ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸ್ಥಳೀಯ ಇತಿಹಾಸಕ್ಕೂ ವಿಶ್ವಕೋಶಕ್ಕೂ ಹುಟ್ಟಿನಿಂದಲೇ ಒಂದು ತಿಕ್ಕಾಟವಿದೆ. ಊರಿನ ಇತಿಹಾಸ ಬರೆಯುವವರ ಸಂತೋಷವೆಲ್ಲ ಹೊಸದನ್ನು ಕಂಡುಹಿಡಿಯುವುದರಲ್ಲಿರುತ್ತದೆ. ಯಾರೂ ನೋಡದ ದಾಖಲೆಯನ್ನು ಓದಿ, ಯಾರೂ ಹೇಳದ ಮಾತನ್ನು ಹೇಳುವುದರಲ್ಲಿರುತ್ತದೆ. ವಿಕಿಪೀಡಿಯ ಅದನ್ನೇ ಬೇಡ ಎನ್ನುತ್ತದೆ. ಸ್ವಂತ ಸಂಶೋಧನೆ ಸಲ್ಲದು ಎಂಬುದು ಅದರ ಮೂಲ ನಿಯಮಗಳಲ್ಲೊಂದು; ಬೇರೆಲ್ಲೋ ಪ್ರಕಟವಾದದ್ದನ್ನು, ಓದುಗರು ಪರಿಶೀಲಿಸಬಹುದಾದದ್ದನ್ನು ಮಾತ್ರ ಅಲ್ಲಿ ಹೇಳಬಹುದು.

ಒಂದು ಗಡಿಯಾರ ಗೋಪುರವಿದೆ ಎಂದಿಟ್ಟುಕೊಳ್ಳಿ. ಅದರ ಅಡಿಗಲ್ಲಿನಲ್ಲಿ ಒಂದು ವರ್ಷ ಕೊರೆದಿದೆ, ಊರಿನ ಸಂಘದ ಸಂಚಿಕೆಯಲ್ಲಿ ಮೂರು ವರ್ಷ ಹಿಂದಿನ ತಾರೀಖಿದೆ, ಹಿರಿಯರು ಅದಕ್ಕೂ ಹಿಂದೆ ಒಂದು ಬರಗಾಲದ ಸಮಯದಲ್ಲಿ ಕಟ್ಟಿದ್ದು ಎನ್ನುತ್ತಾರೆ. ಉತ್ಸಾಹಿ ಸಂಪಾದಕರೊಬ್ಬರು ಪುರಸಭೆಯ ನಡಾವಳಿ ಓದಿ, ಹಣ ಮಂಜೂರಾದ ದಿನವನ್ನು ಹಿಡಿದು, ಮೂರೂ ತಪ್ಪು ಎಂದು ಸಾಧಿಸುತ್ತಾರೆ. ಅವರ ವಾದ ಸರಿಯಾಗಿಯೇ ಇರಬಹುದು, ಆದರೆ ಅದು ಲೇಖನಕ್ಕೆ ಬರುವಂತಿಲ್ಲ. ಲೇಖನದಲ್ಲಿ ಬರೆಯಬಹುದಾದದ್ದು ಇಷ್ಟು: ಅಡಿಗಲ್ಲಿನಲ್ಲಿ ಹೀಗಿದೆ, ಸಂಚಿಕೆ ಹೀಗೆ ಹೇಳುತ್ತದೆ. ನಡಾವಳಿಯ ಪುಟ ಹಕ್ಕುಸ್ವಾಮ್ಯದ ತೊಡಕಿಲ್ಲದಿದ್ದರೆ ಕಾಮನ್ಸಿಗೋ ವಿಕಿಸೋರ್ಸಿಗೋ ಹೋಗಬೇಕು, ವಾದ ಯಾವುದಾದರೂ ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟವಾಗಬೇಕು, ಆಮೇಲೆ ಇನ್ನೊಬ್ಬರು ಅದನ್ನು ಉಲ್ಲೇಖಿಸಬೇಕು. ಇದು ಸುತ್ತು ಬಳಸಿನ ದಾರಿ ಎನ್ನಿಸುತ್ತದೆ, ನಿಜ. ಆದರೆ ಈ ದಾರಿಯನ್ನು ಬಲ್ಲ ಅರ್ಜಿದಾರರು ಯಾವ ಸಾಮಗ್ರಿ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ವಿಂಗಡಿಸಿ ಬರೆದಿರುತ್ತಾರೆ. ಅಂಥ ವಿಂಗಡಣೆ ಒಂದೇ ಒಂದು ಪ್ಯಾರಾದಲ್ಲಿ ಕಂಡರೂ ನನಗೆ ಅರ್ಧ ನೆಮ್ಮದಿಯಾಗುತ್ತದೆ.

ಸ್ಥಳೀಯ ಮಾಹಿತಿಯನ್ನು ಸ್ಥಳೀಯರಿಂದಲೇ ಬರೆಸುವ ಆಲೋಚನೆ ಅಂತರ್ಜಾಲದ್ದೇನೂ ಅಲ್ಲ. ಸ್ಕಾಟ್ಲೆಂಡಿನ ಸರ್ ಜಾನ್ ಸಿಂಕ್ಲೇರ್ ಎಂಬಾತ ದೇಶದ ಪ್ರತಿ ಪ್ಯಾರಿಷ್ಷಿನ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ) ಪಾದ್ರಿಗೂ 160ಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಿ, ಭೂಮಿ, ಜನ, ಬೆಳೆ, ಕಸುಬು, ಹಳೆಯ ಅವಶೇಷ ಎಲ್ಲದರ ಬಗ್ಗೆ ಬರೆಯಿಸಿದ. 1791ರಿಂದ 1799ರವರೆಗೆ ಅದು 21 ಸಂಪುಟಗಳಲ್ಲಿ ಅಚ್ಚಾಯಿತು. ಆ ಸಂಪುಟಗಳಲ್ಲಿ ಊರುಗಳು ಭೂಪಟದ ಕ್ರಮದಲ್ಲಿ ಇಲ್ಲ, ವರದಿಗಳು ಬಂದ ಕ್ರಮದಲ್ಲಿ ಇವೆ. ಉತ್ತರಿಸದವರಿಗೆ ಆತ ಮತ್ತೆ ಮತ್ತೆ ಪತ್ರ ಬರೆದ, ಕೊನೆಗೂ ಬಾರದಿದ್ದ ಕಡೆಗೆ ತನ್ನ ಜನರನ್ನೇ ಕಳುಹಿಸಿದ. ಕೆಲವು ವರದಿಗಳು ಪುಸ್ತಕದಷ್ಟು ದೀರ್ಘ, ಕೆಲವು ಒಂದೆರಡು ಪುಟ. ಅನುದಾನ ಪರಿಶೀಲಿಸುವ ನಮಗೆ ಇದರಲ್ಲಿ ಎರಡು ಸಂಗತಿ ಕಾಣಬೇಕು. ಪ್ರಶ್ನಾವಳಿ ಎಂಬ ಸಿದ್ಧ ಚೌಕಟ್ಟು ಇದ್ದುದರಿಂದಲೇ ತರಬೇತಿ ಇಲ್ಲದವರಿಂದಲೂ ಕೆಲಸ ಹೊರಟಿತು. ಮತ್ತು ಶ್ರಮದ ದೊಡ್ಡ ಪಾಲು ಬೆನ್ನು ಹತ್ತಿ ನೆನಪಿಸುವುದಕ್ಕೇ ಹೋಯಿತು. ಇಂದಿನ ಅರ್ಜಿಗಳಲ್ಲಿ ಕಾರ್ಯಕ್ರಮದ ದಿನಕ್ಕೆ ಖರ್ಚು ತೋರಿಸುತ್ತಾರೆ, ಆ ದಿನ ಬಂದುಹೋದವರನ್ನು ಮರುವಾರ ಮಾತಾಡಿಸುವ ಕೆಲಸಕ್ಕೆ ಒಂದು ಗಂಟೆಯನ್ನೂ ತೋರಿಸುವುದಿಲ್ಲ.

ಅವಧಿಯ ಬಗ್ಗೆ ಹೇಳಬೇಕಾದಾಗ ನನಗೆ ಇಂಗ್ಲೆಂಡಿನ ಕೌಂಟಿಗಳ, ಅಂದರೆ ಜಿಲ್ಲೆಗಳ, ಇತಿಹಾಸದ ಮಾಲಿಕೆಯಾದ ವಿಕ್ಟೋರಿಯ ಕೌಂಟಿ ಹಿಸ್ಟರಿ ನೆನಪಾಗುತ್ತದೆ. 1899ರಲ್ಲಿ ಆರಂಭವಾಗಿ, 1933ರಿಂದ ಲಂಡನ್ ವಿಶ್ವವಿದ್ಯಾಲಯದ ಇತಿಹಾಸ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ಮುಂದುವರಿದ ಆ ಮಾಲಿಕೆ ಇನ್ನೂ ಪೂರ್ಣಗೊಂಡಿಲ್ಲ. ಆರು ತಿಂಗಳಲ್ಲಿ ನಮ್ಮ ಊರಿನ ಸಮಗ್ರ ಇತಿಹಾಸ ಎಂದು ಬರೆದವರಿಗೆ ಸಮಗ್ರ ಎಂಬ ಪದವನ್ನು ತೆಗೆಯಲು ಸಲಹೆ ಕೊಡಿ. ಅರ್ಜಿ ಅಲ್ಲಿಗೇ ಎಷ್ಟೋ ಸುಧಾರಿಸುತ್ತದೆ.

ಇನ್ನು 25 ಸಂದರ್ಶನಗಳು. ಮಾತಿನ ಇತಿಹಾಸಕ್ಕೆ ವಿಕಿಪೀಡಿಯದಲ್ಲಿ ಸ್ಥಾನವೇನು ಎಂಬ ಪ್ರಶ್ನೆಯನ್ನು 2011ರಲ್ಲಿಯೇ ವಿಕಿಮೀಡಿಯ ಪ್ರತಿಷ್ಠಾನದ ನೆರವಿನ ಒಂದು ಪ್ರಯೋಗ ಎತ್ತಿತ್ತು. ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ, ಮಲಯಾಳಂ, ಹಿಂದಿ ಮತ್ತು ಉತ್ತರ ಸೋಥೋ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಅದನ್ನೇ ಲೇಖನಗಳಿಗೆ ಉಲ್ಲೇಖವಾಗಿ ಬಳಸಿ ನೋಡಿದರು. ಬರಹದಲ್ಲಿ ಇಲ್ಲದ ಜ್ಞಾನ ಎಷ್ಟಿದೆ ಎಂಬುದನ್ನು ಆ ಪ್ರಯೋಗ ಮನವರಿಕೆ ಮಾಡಿಸಿತು, ಆದರೆ ಮೂಲಗಳ ನಿಯಮ ಅದರಿಂದ ಬದಲಾಗಲಿಲ್ಲ. ಹಾಗಾಗಿ ಸಂದರ್ಶನ ಮಾಡುತ್ತೇವೆ ಎಂದವರಿಗೆ ನಾನು ಬೇಡ ಎನ್ನುವುದಿಲ್ಲ, ಮೂರು ಪ್ರಶ್ನೆ ಕೇಳುತ್ತೇನೆ. ಧ್ವನಿಮುದ್ರಣ ಕೊನೆಗೆ ಯಾವ ಗ್ರಂಥಾಲಯ ಅಥವಾ ಪತ್ರಾಗಾರವನ್ನು ಸೇರುತ್ತದೆ? ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನುರಿತವರಿಗೂ ನಾಲ್ಕೈದು ಗಂಟೆ ಬೇಕಾಗುವಾಗ, 25 ಸಂದರ್ಶನಗಳ ಬರಹರೂಪವನ್ನು ಯಾರು ಮಾಡುತ್ತಾರೆ? ಮಾತಾಡಿದ ಹಿರಿಯರು ಏನಕ್ಕೆ ಒಪ್ಪಿ ಸಹಿ ಹಾಕಿದ್ದಾರೆ?

ಈ ಮೂರನೆಯ ಪ್ರಶ್ನೆಯಲ್ಲಿ ಬಹಳಷ್ಟು ಅಡಗಿದೆ. ಒಪ್ಪಿಗೆ ಪತ್ರದ ಮಾದರಿಯನ್ನು ಲಗತ್ತಿಸಿದ್ದರೆ ಅದನ್ನು ಅಕ್ಷರ ಬಿಡದೆ ಓದಿ. ಸಂಶೋಧನೆ ಮತ್ತು ಶಿಕ್ಷಣದ ಉದ್ದೇಶಕ್ಕೆ ಬಳಸಲು ನನ್ನ ಒಪ್ಪಿಗೆಯಿದೆ ಎಂಬ ಸಾಲು ಅಲ್ಲಿ ಇದ್ದೇ ಇರುತ್ತದೆ, ಮತ್ತು ಆ ಸಾಲು ಕಾಮನ್ಸಿಗೆ ನಿರುಪಯೋಗಿ. ಕಾಮನ್ಸಿಗೆ ಬೇಕಾದ ಮುಕ್ತ ಪರವಾನಗಿ ಎಂದರೆ ಯಾರು ಬೇಕಾದರೂ, ವಾಣಿಜ್ಯಕ್ಕೂ, ಬದಲಾಯಿಸಿಕೊಂಡೂ ಬಳಸಬಹುದು ಎಂದರ್ಥ. ವಾಣಿಜ್ಯೇತರ ಬಳಕೆಗೆ ಮಾತ್ರ ಎಂಬ ಷರತ್ತನ್ನು ಅದು ಒಪ್ಪುವುದಿಲ್ಲ. ಇದನ್ನು ಹಿರಿಯರಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳಿದಾಗ ಕೆಲವರು ಹಿಂಜರಿಯುತ್ತಾರೆ, ಅದು ಅವರ ಹಕ್ಕು. ತಿಳಿಸದೆ ಸಹಿ ಹಾಕಿಸಿಕೊಂಡು 25ರ ಲೆಕ್ಕ ತೋರಿಸುವ ಯೋಜನೆಗಿಂತ, ತಿಳಿಸಿ ಹೇಳಿ 9 ಜನರಿಂದ ಒಪ್ಪಿಗೆ ಪಡೆದ ಯೋಜನೆ ನನಗೆ ಹೆಚ್ಚಿನದು. ಮನೆಮನೆಯ ಹಳೆಯ ಫೋಟೋಗಳ ಕಥೆಯೂ ಇದೇ. ಫೋಟೋದ ಪ್ರತಿ ಮನೆಯವರದು, ಆದರೆ ಹಕ್ಕುಸ್ವಾಮ್ಯವೂ ಅವರದೇ ಎಂದು ಹೇಳಲಾಗದು; ಅದು ತೆಗೆದವರದೋ, ಹಣ ಕೊಟ್ಟು ತೆಗೆಸಿದವರದೋ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಅವಧಿಯೂ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಸಾಹಿತ್ಯ ಕೃತಿಗೆ ಲೇಖಕರ ಮರಣಾನಂತರ 60 ವರ್ಷ, ಯುರೋಪಿನ ಒಕ್ಕೂಟದಲ್ಲಿ 70 ವರ್ಷ. ಹಕ್ಕುಸ್ವಾಮ್ಯ ಇನ್ನೂ ಉಳಿದಿರುವ ಪತ್ರಿಕೆಯನ್ನು ಓದಿ ಉಲ್ಲೇಖ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ, ಅದರ ಸ್ಕ್ಯಾನನ್ನು ಕಾಮನ್ಸಿಗೆ ಏರಿಸಲು ಬೇಕು. ಈ ಎರಡನ್ನೂ ಬೇರ್ಪಡಿಸಿ ಬರೆಯದ ಅರ್ಜಿಯನ್ನು ಮರಳಿ ಕಳುಹಿಸಿ ಸ್ಪಷ್ಟನೆ ಕೇಳುವುದು ಒಳ್ಳೆಯದು.

ಹೊಸದಾಗಿ ತೆಗೆಯುವ ಚಿತ್ರಗಳಲ್ಲಿ ಇಷ್ಟು ತೊಡಕಿಲ್ಲ, ಆದರೆ ಅಲ್ಲಿ ಬೇರೆ ಪ್ರಶ್ನೆ ಏಳುತ್ತದೆ. 2010ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಆರಂಭವಾದ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಎಂಬ ಛಾಯಾಚಿತ್ರ ಸ್ಪರ್ಧೆ ಮರುವರ್ಷ ಯುರೋಪಿನ ಹಲವು ದೇಶಗಳಿಗೆ ಹರಡಿ 1,68,000ಕ್ಕೂ ಹೆಚ್ಚು ಚಿತ್ರಗಳೊಂದಿಗೆ ಗಿನ್ನೆಸ್ ದಾಖಲೆ ಮಾಡಿತು. ದಾಖಲೆಯ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿದ್ದ ಒಣ ಕೆಲಸವನ್ನು ಹೇಳುವವರು ಕಡಿಮೆ. ರಕ್ಷಿತ ಸ್ಮಾರಕಗಳ ಅಧಿಕೃತ ಪಟ್ಟಿಗಳನ್ನು ಮೊದಲು ವಿಕಿಗೆ ತಂದು, ಪ್ರತಿ ಸ್ಮಾರಕಕ್ಕೂ ಇರುವ ಗುರುತು ಸಂಖ್ಯೆಯನ್ನು ಪ್ರತಿ ಚಿತ್ರಕ್ಕೂ ಅಂಟಿಸುವಂತೆ ಮಾಡಿದ್ದರಿಂದ, ಬಂದ ಚಿತ್ರ ಯಾವುದರದೆಂದು ಹುಡುಕುವ ಪ್ರಮೇಯ ಬರಲಿಲ್ಲ. ನಮ್ಮ ಮಾದರಿ ಅರ್ಜಿಯ 1,000 ಚಿತ್ರಗಳಿಗೆ ಅಂಥ ಪಟ್ಟಿ ಇದೆಯೇ ಎಂದು ಕೇಳಿ. ಪಟ್ಟಿ ಇಲ್ಲದಿದ್ದರೆ ಒಂದೇ ಗೋಪುರದ 140 ಚಿತ್ರಗಳು ಬರುತ್ತವೆ, ಅದರ ಹಿಂದಿನ ಕೂಲಿಕಾರರ ಕೇರಿಯ ಒಂದು ಚಿತ್ರವೂ ಬರುವುದಿಲ್ಲ.

ಈಗ ಖರ್ಚಿನ ಪಟ್ಟಿಗೆ ಬರೋಣ. ಊಟಕ್ಕೆ ಹಣ ಕೇಳಿದ್ದನ್ನು ಆಕ್ಷೇಪಿಸುವ ಪರಿಶೀಲಕರನ್ನು ನಾನು ನೋಡಿದ್ದೇನೆ, ಅವರ ಪಂಗಡಕ್ಕೆ ನಾನು ಸೇರಿದವನಲ್ಲ. ದಿನವಿಡೀ ಪುಕ್ಕಟೆ ದುಡಿಯುವವರಿಗೆ ಊಟ ಹಾಕಲೇಬೇಕು. ಸಂಯೋಜಕರ ಗೌರವಧನವೂ ನ್ಯಾಯವೇ, ಅದು ಸಂಯೋಜನೆಗಾಗಿಯೇ ಆಗಿದ್ದರೆ. ವಿಕಿಮೀಡಿಯದ ಅನುದಾನಗಳಲ್ಲಿ ಲೇಖನ ಬರೆಯುವುದಕ್ಕೆಂದೇ ಸಂಭಾವನೆ ಕೊಡುವಂತಿಲ್ಲ, ಮತ್ತು ಹಣ ಪಡೆದು ಸಂಪಾದಿಸುವವರು ಅದನ್ನು ಬಹಿರಂಗಪಡಿಸಬೇಕೆಂದು 2014ರಿಂದ ಬಳಕೆಯ ನಿಯಮಗಳಲ್ಲೇ ಇದೆ. ನನ್ನ ತಕರಾರು ಬೇರೆ: ಬ್ಯಾನರು, ಟೀ ಶರ್ಟಿಗೆ 14 ಮತ್ತು ಸ್ಕ್ಯಾನಿಂಗಿಗೆ 3 ಎಂಬ ಅನುಪಾತದಲ್ಲಿ ಕಾಣುವ ಆಲೋಚನಾಕ್ರಮದ ಮೇಲೆ. ಈ ಎರಡನ್ನು ಅದಲು ಬದಲು ಮಾಡಿ ನೋಡಿ ಎಂದು ನಾನು ಎಷ್ಟೋ ಸಲ ಬರೆದಿದ್ದೇನೆ. ಎಂಟು ಸಂಪಾದನೋತ್ಸವಗಳಲ್ಲಿ ನಾಲ್ಕನ್ನು ಕೈಬಿಟ್ಟು, ಆ ದಿನಗಳನ್ನು ಗ್ರಂಥಾಲಯದಲ್ಲಿ ಪತ್ರಿಕೆಯ ಕಟ್ಟುಗಳ ಸೂಚಿ ತಯಾರಿಸಲು ಬಳಸಿದರೆ, ಮುಂದಿನ ಐದು ವರ್ಷ ಬರೆಯುವವರಿಗೆ ಬುತ್ತಿಯಾಗುತ್ತದೆ.

ಬಂದವರೆಲ್ಲ ಲೇಖನವನ್ನೇ ಬರೆಯಬೇಕೆಂಬ ಹಟವನ್ನೂ ಬಿಡಬಹುದು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯ 2008ರಲ್ಲಿ ತನ್ನ ಹಳೆಯ ಪತ್ರಿಕೆಗಳ ಸ್ಕ್ಯಾನುಗಳನ್ನು ತೆರೆದಿಟ್ಟಾಗ, ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಓದುಗರೇ ತಿದ್ದಲು ಅವಕಾಶ ಕೊಟ್ಟಿತು. ಒಂದು ಸಾಲು ತಿದ್ದಿದರೂ ಅದು ಕೊಡುಗೆಯೇ, ತಿದ್ದಿದ್ದು ಕೂಡಲೇ ಹುಡುಕಾಟಕ್ಕೆ ಸಿಗುತ್ತದೆ. ತಮ್ಮ ಮನೆತನದ ಹೆಸರನ್ನು ಹುಡುಕಲು ಬಂದವರು ವರ್ಷಗಟ್ಟಲೆ ತಿದ್ದುತ್ತ ಉಳಿದರು. ವಿಕಿಸೋರ್ಸಿನಲ್ಲಿ ಪುಟ ತಿದ್ದುವುದು, ವಿಕಿಡೇಟಾದಲ್ಲಿ ಒಂದು ಬಾವಿಯ ಅಕ್ಷಾಂಶ ರೇಖಾಂಶ ಸೇರಿಸುವುದು ಇದೇ ಜಾತಿಯ ಕೆಲಸ. ಹೊಸಬರಿಗೆ ಮೊದಲ ದಿನ ಇಂಥದ್ದನ್ನು ಕೊಡುತ್ತೇವೆ ಎಂದು ಬರೆದ ಅರ್ಜಿದಾರರು ಹೊಸಬರನ್ನು ಹತ್ತಿರದಿಂದ ಕಂಡವರು ಎಂದು ತಿಳಿಯಿರಿ.

ಹಿತಾಸಕ್ತಿಯ ವಿಚಾರವನ್ನು ಮುಜುಗರವಿಲ್ಲದೆ ಕೇಳಬೇಕು. 2012ರಲ್ಲಿ ವೇಲ್ಸಿನ ಮಾನ್ಮತ್ ಪಟ್ಟಣದ ಕಟ್ಟಡಗಳ ಮೇಲೆ, ಫೋನಿನ ಭಾಷೆಗೆ ತಕ್ಕ ವಿಕಿಪೀಡಿಯ ಲೇಖನವನ್ನು ತೆರೆಯುವ ಕ್ಯೂಆರ್ ಫಲಕಗಳನ್ನು ಹಾಕಿದ ಯೋಜನೆ ಲೋಕದ ಗಮನ ಸೆಳೆಯಿತು. ಅದೇ ಮಾದರಿಯನ್ನು ಅದೇ ವರ್ಷ ಜಿಬ್ರಾಲ್ಟರಿನಲ್ಲಿ ಮಾಡಹೊರಟಾಗ, ಬ್ರಿಟನ್ನಿನ ವಿಕಿಮೀಡಿಯ ಸಂಘಟನೆಯ ಆಡಳಿತ ಮಂಡಳಿಯಲ್ಲಿದ್ದ ಸದಸ್ಯರೊಬ್ಬರು ಅಲ್ಲಿನ ಸರ್ಕಾರಕ್ಕೆ ಸಂಭಾವನೆಯ ಸಲಹೆಗಾರರೂ ಆಗಿದ್ದುದು, ಪ್ರವಾಸೋದ್ಯಮಕ್ಕೆ ನೆರವಾಗುವ ಲೇಖನಗಳು ಮುಖಪುಟದಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡದ್ದು ದೊಡ್ಡ ವಿವಾದವಾಗಿ, ಸ್ವತಂತ್ರ ಪರಿಶೀಲನೆಯವರೆಗೂ ಹೋಯಿತು. ನಮ್ಮ ಕಡೆ ಬರುವ ಅರ್ಜಿಗಳಲ್ಲಿ ಪ್ರಶ್ನೆ ಇಷ್ಟು ದೊಡ್ಡದಾಗಿರುವುದಿಲ್ಲ. ಲೇಖನಗಳ ಪಟ್ಟಿಯಲ್ಲಿ ಸಂಯೋಜಕರ ಸ್ವಂತ ಸಂಸ್ಥೆ, ಅವರ ತಾತ, ಅವರಿಗೆ ಸಭಾಂಗಣ ಕೊಟ್ಟವರು ಇದ್ದಾರೆಯೇ ಎಂದು ನೋಡಿದರೆ ಸಾಕು. ಇದ್ದರೆ ಆ ಮೂರನ್ನು ಬೇರೆಯವರಿಗೆ ಬಿಟ್ಟುಕೊಡಿ ಎಂದು ಕೇಳಬಹುದು. ಪರಿಶೀಲಕರಿಗೂ ಇದೇ ಅಳತೆಗೋಲು. ಸಣ್ಣ ಭಾಷಾ ಸಮುದಾಯಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುತ್ತಾರೆ. ಅರ್ಜಿದಾರರೊಡನೆ ನಾನು ಈಗಲೂ ಯಾವುದಾದರೂ ಯೋಜನೆಯಲ್ಲಿ ಕೆಲಸ ಮಾಡುತ್ತಿದ್ದರೆ ಅಂಕ ಕೊಡದೆ ಹಿಂದೆ ಸರಿಯುತ್ತೇನೆ, ಜಗಳ ಆಡಿದವರ ಅರ್ಜಿಯಾದರೂ ಹಿಂದೆ ಸರಿಯುತ್ತೇನೆ. ಎರಡನೆಯದನ್ನು ಜನ ಮರೆಯುತ್ತಾರೆ.

ಅಭಿಪ್ರಾಯ ಬರೆಯುವಾಗ ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಯೋಜನೆ ಇನ್ನಷ್ಟು ಬಲಗೊಳ್ಳಬೇಕಿದೆ ಎಂದು ಬರೆದರೆ ಅರ್ಜಿದಾರರು ಏನು ಮಾಡಬೇಕು? ಅವರು ಇನ್ನೆರಡು ಪ್ಯಾರಾ ಸೇರಿಸುತ್ತಾರೆ, ಅಷ್ಟೇ. ಅನುಬಂಧದ 200 ಶೀರ್ಷಿಕೆಗಳಲ್ಲಿ ಯಾವುವಾದರೂ ಹತ್ತನ್ನು ಆರಿಸಿ, ಪ್ರತಿಯೊಂದಕ್ಕೂ ಪರಸ್ಪರ ಸಂಬಂಧವಿಲ್ಲದ ಎರಡು ಪ್ರಕಟಿತ ಮೂಲಗಳನ್ನು ಪುಟಸಂಖ್ಯೆಯ ಸಮೇತ ಬರೆದು ಕಳುಹಿಸಿ ಎಂದು ಬರೆದರೆ ಅವರು ಗ್ರಂಥಾಲಯಕ್ಕೆ ಹೋಗುತ್ತಾರೆ. ಹತ್ತರಲ್ಲಿ ಆರಕ್ಕೆ ಮೂಲ ಸಿಕ್ಕರೆ, ಪಟ್ಟಿಯನ್ನು ಎಷ್ಟಕ್ಕೆ ಇಳಿಸಬೇಕೆಂದು ಅವರಿಗೇ ಗೊತ್ತಾಗುತ್ತದೆ, ನಾವು ಹೇಳಬೇಕಾಗಿಲ್ಲ. ಮತ್ತೆ, ನುಣುಪಾದ ಗದ್ಯಕ್ಕೆ ಮರುಳಾಗಬೇಡಿ. ಅರ್ಜಿ ಬರೆಯುವ ಕಲೆ ಬೇರೆ, ಊರಿನ ಇತಿಹಾಸ ಬಲ್ಲವರ ಕಲೆ ಬೇರೆ; ಈಚೆಗಂತೂ ಯಂತ್ರದಿಂದ ಬರೆಸಿದ, ಎಲ್ಲಿ ಮುಟ್ಟಿದರೂ ಜಾರುವ ಅರ್ಜಿಗಳು ಬರುತ್ತಿವೆ, ಅವುಗಳಲ್ಲಿ ಗುರಿ, ಪರಿಣಾಮ, ಸುಸ್ಥಿರತೆ ಎಲ್ಲ ಇರುತ್ತವೆ, ಒಂದು ಕಪಾಟಿನ ವಿಳಾಸ ಇರುವುದಿಲ್ಲ.

ಇದನ್ನು ಹೇಳುವಾಗ ನಾನು ತಿರಸ್ಕರಿಸುವುದರಲ್ಲಿದ್ದ ಒಂದು ಅರ್ಜಿ ನೆನಪಾಗುತ್ತದೆ. ಒಟ್ಟು ಒಂದೂವರೆ ಪುಟ. ವಾಕ್ಯಗಳು ತುಂಡು ತುಂಡು, ಗುರಿಯ ಖಾನೆಯಲ್ಲಿ 12 ಲೇಖನ ಎಂದಷ್ಟೇ ಇತ್ತು, ಪರಿಣಾಮದ ಖಾನೆ ಖಾಲಿ. ಕಡಿಮೆ ಅಂಕ ಬರೆದು ಮುಗಿಸುವ ಮುನ್ನ ಅಭ್ಯಾಸದಂತೆ ಅನುಬಂಧ ತೆರೆದೆ. ಮೂರು ಗ್ರಂಥಾಲಯಗಳ ಹೆಸರು, ಅವು ತೆರೆದಿರುವ ಹೊತ್ತು, ಒಂದೊಂದರಲ್ಲೂ ಇರುವ ಪತ್ರಿಕೆಗಳ ವರ್ಷವಾರು ಪಟ್ಟಿ, ಯಾವ ತಿಂಗಳುಗಳ ಸಂಚಿಕೆ ಕಾಣೆಯಾಗಿದೆ, ಯಾವ ಕಟ್ಟಿನ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ ಎಂಬವರೆಗೆ ಕೈಬರಹದಲ್ಲಿ ಬರೆದು ಸ್ಕ್ಯಾನ್ ಮಾಡಿ ಹಾಕಿದ್ದರು. ಹಣ ಬಾರದಿದ್ದರೆ ಏನು ಮಾಡುತ್ತೀರಿ ಎಂದು ಚರ್ಚೆಪುಟದಲ್ಲಿ ಕೇಳಿದೆ. ಮೂವರು ಎರಡು ವರ್ಷದಿಂದ ಪ್ರತಿ ಶನಿವಾರ ಅಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೇವೆ, ಮುಂದೆಯೂ ಕೂರುತ್ತೇವೆ, ಸ್ಕ್ಯಾನರ್ ಇದ್ದರೆ ಬೇಗ ಆಗುತ್ತದೆ ಎಂದು ಉತ್ತರ ಬಂತು. ಅಂಕ ತಿದ್ದಿದೆ. ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡಬೇಕೆಂದು ಶಿಫಾರಸು ಬರೆದೆ. ಸ್ಕ್ಯಾನ್ ಮಾಡಿದ್ದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಲು ಎರಡನೆಯ ಹಾರ್ಡ್ ಡಿಸ್ಕ್ ಬೇಕಾಗುತ್ತದೆ, ಅದನ್ನು ಕೇಳಲು ಅವರು ಮರೆತಿದ್ದರು.